ಅಂಕಯ್ಯನ ಪಾಲಿನ ಬಾಡು

ಜೂನ್ ೯, ಭಾನುವಾರ

ಫೀಡ್ ಅಂಗಡಿಯವನು ಯುಗಾದಿಗೆ ಕೊಟ್ಟ ಡೈರಿ. ಇಷ್ಟು ದಿನ ಗಾಡಿಯ ಗಾಜಿನ ಹಿಂದೆ ಬಿಸಿಲು ಕಾಯುತ್ತಿತ್ತು. ಇವತ್ತು ತೆಗೆದು ಬರೆಯಲು ಕುಳಿತದ್ದಕ್ಕೆ ಕಾರಣ ದೊಡ್ಡದಲ್ಲ. ಪಿಕಪ್ಪಿನಲ್ಲಿ ಪಕ್ಕದ ಸೀಟು ಖಾಲಿ. ವರ್ಷಾನುಗಟ್ಟಲೆ ಅಂಕಯ್ಯ ಗಾಡಿ ಓಡಿಸಿದ, ನಾನು ಮಾತಾಡಿದೆ. ಈಗ ಸ್ಟೇರಿಂಗೂ ನನ್ನದೇ, ಮಾತೂ ನನ್ನದೇ. ಒಬ್ಬನೇ ಮಾತಾಡಿಕೊಂಡು ಹೋಗುತ್ತಿದ್ದರೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವವರು ನಗುತ್ತಾರೆ. ಕಾಗದ ನಗುವುದಿಲ್ಲ.

ನಾನು ಚೆಲುವರಾಜ, ಹಂದಿ ದಲ್ಲಾಳಿ. ಹಾಗೆ ಕರೆದರೆ ನನಗೆ ನಾಚಿಕೆಯಿಲ್ಲ. ಸಾಕುವವನಿಗೆ ಬಾಯಿ ಇರುವುದಿಲ್ಲ, ಕೊಳ್ಳುವವನಿಗೆ ಕಣ್ಣು ಇರುವುದಿಲ್ಲ. ಅವರಿಬ್ಬರ ನಡುವೆ ನಿಂತು ಮನೆ ಕಟ್ಟಿದೆ, ಮಗಳ ಮದುವೆ ಮಾಡಿದೆ. ಹುಣಸೂರಿನಿಂದ ಹೊರಟು ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಿ ಬರುವಾಗ ದಾರಿಯಲ್ಲಿ ಎಲ್ಲೆಲ್ಲಿ ಹಂದಿ ಬಾಡು ಬೇಯುತ್ತದೋ ಅಲ್ಲೆಲ್ಲ ನಾನೂ ಅಂಕಯ್ಯನೂ ಗಾಡಿ ನಿಲ್ಲಿಸಿದವರೇ. ಯಾವುದು ಮೇಲು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಅವನ ಗಂಟಲಿಗೆ ಕಾಯಿಲೆ ಬಂತು. ಕರೆಂಟು ಕೊಟ್ಟು ಸುಟ್ಟಿದ್ದಾರೆ. ಈಗ ಮೂಗಿನಿಂದ ಹೊಟ್ಟೆಗೆ ಪೈಪು, ಅದರಲ್ಲಿ ಸೋಸಿದ ರಾಗಿ ಗಂಜಿ. ನುಂಗುವುದು ಮತ್ತೆ ಬಂದರೆ ಪೈಪು ತೆಗೆಯುತ್ತಾರಂತೆ. ಬಾರದಿದ್ದರೆ ಇಲ್ಲ.

ಇವತ್ತು ಕಬಿನಿ ಹಿನ್ನೀರಿನ ಹತ್ತಿರದ ರೆಸಾರ್ಟಿಗೆ ಹೋಗಿದ್ದೆ. ಅಲ್ಲಿ ಸಾಮಾನು ಕೊಳ್ಳುವವನು ಮಹದೇವಪ್ರಸಾದ್, ಇಸ್ತ್ರಿ ಮಾಡಿದ ಮನುಷ್ಯ.

"ನಮಗೆ ಬೇಕನ್ ಬೇಕು," ಅಂದ.

"ಏನ್ ಬೇಕು ಸಾರ್?"

"ಬೇಕನ್."

"ಬೇಕು ಅನ್ನೋದು ಗೊತ್ತಾಯ್ತು ಸಾರ್. ಏನ್ ಬೇಕು ಅಂತ ಹೇಳಿ."

ಆತ ತಲೆ ಚಚ್ಚಿಕೊಂಡು ನನ್ನನ್ನು ಅಡುಗೆಮನೆಯ ಹಿಂಬಾಗಿಲಿಗೆ ಕರೆದೊಯ್ದು ತಟ್ಟೆಯಲ್ಲಿ ಎರಡು ಚೂರು ಇಟ್ಟು ತೋರಿಸಿದ. ಹೊಟ್ಟೆಯ ಭಾಗದ ಬಾಡು. ಉಪ್ಪು ಹಾಕಿ, ಹೊಗೆ ಹಿಡಿಸಿ, ಕಾಗದದ ಹಾಗೆ ಸೀಳಿ ಹುರಿದದ್ದು. ತಿಂದೆ. ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಅತಿಥಿಗಳನ್ನು ಭಾನುವಾರ ಹೊರಗೆ ಊಟಕ್ಕೆ ಕರೆದೊಯ್ಯುವ ಯೋಚನೆ ಇದೆ, ಈ ನಾಲ್ಕು ತಾಲ್ಲೂಕಿನಲ್ಲಿ ಒಳ್ಳೆಯ ಹಂದಿ ಬಾಡು ಎಲ್ಲೆಲ್ಲಿದೆ ಅಂತ ನೀವೇ ತಿಂದು ನೋಡಿ ತಿಳಿಸಿ, ಹಂದಿಯ ಸರಬರಾಜೂ ನಿಮಗೇ ಕೊಡುತ್ತೇವೆ ಅಂದ. ತಿನ್ನುವುದಕ್ಕೂ ಕೂಲಿ ಸಿಗುವ ಕಾಲ ಬಂತು ಅಂದುಕೊಂಡೆ. ಹೇಳಲು ಪಕ್ಕಕ್ಕೆ ತಿರುಗಿದೆ. ಸೀಟಿನ ಮೇಲೆ ಅಂಕಯ್ಯನ ಟವೆಲ್ಲು ಮಾತ್ರ ಇತ್ತು.

ಜೂನ್ ೧೨, ಬುಧವಾರ

ಹೊಸ ಅಗ್ರಹಾರಕ್ಕೆ ಹೋಗಿ ಅಂಕಯ್ಯನನ್ನು ನೋಡಿ ಬಂದೆ. ಜಗಲಿಯ ಮೇಲೆ ಗೋಡೆಗೊರಗಿ ಕುಳಿತಿದ್ದ. ಅರ್ಧ ಆಳಾಗಿದ್ದಾನೆ. ಮಾತು ಬರುತ್ತದೆ, ಆದರೆ ಮರಳಿನ ಮೇಲೆ ಚಪ್ಪಲಿ ಎಳೆದ ಹಾಗೆ. ಅವನ ಹೆಂಡತಿ ಕೆಂಪಾಜಮ್ಮ ಸಿರಿಂಜಿನಲ್ಲಿ ಗಂಜಿ ಬಿಡುತ್ತಿದ್ದಳು.

"ಬಾಯೆಲ್ಲ ಒಣಗೋಯ್ತದೆ ಕಣಣ್ಣ," ಅಂದಳು. "ಉಗುಳು ನುಂಗೋದ ಅಭ್ಯಾಸ ಮಾಡು ಅಂತ ಆಸ್ಪತ್ರೆಯೋರು ಯೋಳವ್ರೆ. ಉಗುಳೇ ಬರಲ್ಲ, ಏನ ನುಂಗ್ತಾರೆ?"

ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಬೇಕನ್ ಕಥೆ ಹೇಳಿದೆ. ಏನು ಬೇಕು, ಬೇಕನ್ ಬೇಕು. ನಗುವಿಗೆ ಅಂಕಯ್ಯನ ಹೊಟ್ಟೆ ಕುಣಿಯಿತು.

"ಎಂಗಿತ್ಲಾ?" ಅಂದ.

"ಮೊದ್ಲು ಹಪ್ಪಳ ಮುರಿದಂಗೆ ಮುರೀತದೆ. ಉಪ್ಪು ಮುಂದೆ ಬತ್ತದೆ. ಆಮೇಲೆ ಕೊಬ್ಬು ನಾಲಗೆ ಮ್ಯಾಲೆ ಕರಗ್ತದೆ ನೋಡು, ಬಿಸಿ ಮುದ್ದೆ ಮ್ಯಾಲೆ ತುಪ್ಪ ಬಿಟ್ಟಂಗೆ. ಕಡೇಲಿ ಹೊಗೆ."

"ಯಾವ ಸೌದೆ?"

"ನಾನೇನ್ ಸೌದೆ ತಿಂದ್ನಾ? ಕೇಳ್ಕಂಡ್ ಬತ್ತೀನಿ ಬುಡು."

"ಮುದ್ದೆಗೆ ಆಯ್ತದಾ?"

"ಮುದ್ದೆ ಮುಂದೆ ಅದು ಮದ್ವೆ ಮನೆಗೆ ಬಂದ ನೆಂಟನಂಗೆ ಕಣ್ಲಾ. ನೋಡಕ್ಕೆ ಚೆಂದ, ಕೆಲಸಕ್ಕೆ ಬರಲ್ಲ."

ಅವನು ನಕ್ಕ. ನಗುತ್ತಾ ಗಂಟಲ ಉಬ್ಬು ಮೇಲೆ ಹೋಗಿ ನಿಂತು, ನಿಧಾನಕ್ಕೆ ಕೆಳಗಿಳಿಯಿತು. ಕಣ್ಣು ಮುಚ್ಚಿಕೊಂಡ. ನೋವಾಯಿತೇನೋ. ಎದ್ದು ಬಂದೆ. ಊಟ ಇಲ್ಲದವನ ಮುಂದೆ ಊಟದ ಮಾತಾಡಿದ್ದು ತಪ್ಪೋ ಸರಿಯೋ, ದಾರಿಯುದ್ದಕ್ಕೂ ತೂಗಿ ನೋಡಿದೆ. ತಕ್ಕಡಿ ನಿಲ್ಲಲಿಲ್ಲ.

ಜೂನ್ ೨೩, ಭಾನುವಾರ

ಪಿರಿಯಾಪಟ್ಟಣದ ಆಚೆ ಟಿಬೆಟ್ ಕ್ಯಾಂಪಿಗೆ ಹೋಗಿ ಬಂದೆ. ಜೋಳದ ಹೊಲದ ಪಕ್ಕದ ಚಿಕ್ಕ ಹೋಟೆಲು. ಒಳಗೆ ಹಂದಿ ಖೀಮ ತುಂಬಿದ ಮೊಮೊ, ಹಬೆಯಲ್ಲಿ ಬೆಂದ ಕಡುಬಿನ ಜಾತಿ. ಕಚ್ಚಿದರೆ ಒಳಗಿನ ರಸ ಗಲ್ಲಕ್ಕೆ ಇಳಿಯುತ್ತದೆ. ಬರುವಾಗ ಕೊಡಗಿನ ಹೆಂಗಸೊಬ್ಬರು ನಡೆಸುವ ಮೆಸ್ಸಿನಲ್ಲಿ ಪಂದಿ ಕರಿ. ಕಾಚಂಪುಳಿ ಅನ್ನುವ ಅವರ ಕಡೆಯ ಹುಳಿ ಹಾಕಿ ಕಪ್ಪಗೆ ಮಾಡಿದ್ದರು, ಅದು ದವಡೆಯ ಮೂಲೆಗೆ ಹೋಗಿ ಕುಟುಕಿತು.

ಅಂಕಯ್ಯನ ಮನೆ ದಾರಿಯಲ್ಲಿಲ್ಲ. ಆದರೂ ಹೋದೆ. ಈ ಸಲ ಬಾಯಿ ಬಿಡಬಾರದು ಅಂದುಕೊಂಡೇ ಹೋದವನು ನಾನು. ಚಪ್ಪಲಿ ಬಿಡುವ ಮೊದಲೇ ಅವನೇ ಕೇಳಿದ: "ಎಲ್ಲಿ ತಿಂದ್ಲಾ?"

ಹೇಳಿದೆ. ಮೊಮೊ ಅವನಿಗೆ ಒಪ್ಪಿಗೆಯಾಗಲಿಲ್ಲ. "ಬಾಡ ಬಚ್ಚಿಟ್ಟು ಕೊಡದು ಯಾವ ಮರ್ಯಾದೆ?" ಅಂದ. ಪಂದಿ ಕರಿಗೆ ಬಂದಾಗ ಮುಂದಕ್ಕೆ ಬಗ್ಗಿದ. ಚರ್ಮ ಇತ್ತಾ, ಹಲ್ಲಿಗೆ ಅಂಟಿತಾ, ಹುಳಿ ಮೊದಲಾ ಖಾರ ಮೊದಲಾ. ಕೋರ್ಟಿನಲ್ಲಿ ಸಾಕ್ಷಿಗೆ ಕೇಳುವ ಹಾಗೆ ಕೇಳಿದ.

"ಖಾರ ಮೊದ್ಲು. ಹುಳಿ ಆಮೇಲೆ ಬಂದು ಖಾರದ ಕಿವಿ ಹಿಂಡ್ತದೆ."

ಮತ್ತೆ ಅವನ ಗಂಟಲು ಅಲುಗಿತು. ಒಂದು ಸಲ, ಇನ್ನೊಂದು ಸಲ. ತುಟಿಯ ಮೂಲೆ ತೇವವಾಯಿತು. ಕೆಂಪಾಜಮ್ಮ ಒಲೆಯ ಹತ್ತಿರದಿಂದ ನಮ್ಮನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಇದ್ದದ್ದು ಸಿಟ್ಟು ಅಂತ ನನಗೆ ಕಂಡಿತು. ಕಂಡಿದ್ದಕ್ಕೆ ಸರಿಯಾಗಿ ನಾಚಿಕೆಯೂ ಆಯಿತು.

ಜುಲೈ ೭, ಭಾನುವಾರ

ಮಿರ್ಲೆಯ ದೊಡ್ಡತಾಯಮ್ಮನ ಮನೆ. ಇದಕ್ಕೆ ಬೋರ್ಡಿಲ್ಲ. ಭಾನುವಾರ ಹಿತ್ತಲಲ್ಲಿ ಒಲೆ ಹೂಡುತ್ತಾಳೆ, ಗೊತ್ತಿದ್ದವರು ಹೋಗುತ್ತಾರೆ. ಹಂದಿ ಬೇಯಿಸುವ ಪಾತ್ರೆ ಅವಳ ಹೊಸಿಲು ದಾಟುವುದಿಲ್ಲ. ತೊಳೆದು ಅಲ್ಲೇ ನುಗ್ಗೆ ಮರಕ್ಕೆ ಕವುಚಿ ಹಾಕುತ್ತಾಳೆ. ತಿಂದ ಮನೆಯವರೂ ಮೈಮೇಲೆ ನೀರು ಹುಯ್ದುಕೊಂಡೇ ಒಳಗೆ ಹೋಗಬೇಕು.

"ಅಂಕಯ್ಯ ಎಂಗವ್ನೆ ಮಗ?"

"ಪೈಪಲ್ಲಿ ಉಣ್ತಾವ್ನೆ ದೊಡ್ಡವ್ವ."

"ಥೂ. ಅವನ ಬಾಯಿಗೆ ಬಂದಿದ್ದು ನಿನ್ ಬಾಯಿಗೆ ಬಂದಿದ್ರೆ ಊರಾದ್ರೂ ತಣ್ಣಗಿರದು," ಅಂದಳು. ಅಂದು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹಸಿಮೆಣಸು, ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ. ಅಷ್ಟೇ. ಎಣ್ಣೆ ಹಾಕುವುದಿಲ್ಲ, ಬಾಡೇ ತನ್ನ ಎಣ್ಣೆಯಲ್ಲಿ ಬೇಯುತ್ತದೆ. ಈ ಸುತ್ತಿನಲ್ಲಿ ಇದಕ್ಕಿಂತ ಮೇಲಿನದನ್ನು ನಾನು ಕಾಣೆ. ಅಂಕಯ್ಯನೂ ಹಾಗೇ ಹೇಳುತ್ತಿದ್ದ. ಜಗಳಕ್ಕೋಸ್ಕರ ನಾನು ಇಲ್ಲ ಅನ್ನುತ್ತಿದ್ದೆ.

ಸಂಜೆ ಅವನ ಮುಂದೆ ಕೂತು ಸೋಲು ಒಪ್ಪಿಕೊಂಡೆ. ಮೆಣಸಿನ ಹಸಿ ವಾಸನೆ, ಮುದ್ದೆಯ ಬಿಸಿ, ಕೊಬ್ಬಿನ ತುದಿ ಕೆಂಪಗೆ ಸೀದು ಗರಿಗರಿಯಾದದ್ದು, ಎಲ್ಲ ಹೇಳಿದೆ. ನಾನು ಹೇಳುತ್ತಾ ಹೋದ ಹಾಗೆ ಅವನು ಕೈಯನ್ನು ಕುತ್ತಿಗೆಯ ಮೇಲೆ ಇಟ್ಟುಕೊಂಡ. ಕಣ್ಣಲ್ಲಿ ನೀರು. ಕಡೆಗೆ ಗೋಡೆ ಕಡೆ ಹೊರಳಿದ. ಬೆನ್ನು ಮಾತ್ರ ಕಾಣುತ್ತಿತ್ತು. ಅದು ಸಣ್ಣಗೆ ಎಳೆದೆಳೆದು ಅಲುಗುತ್ತಿತ್ತು.

ಅಳುತ್ತಿದ್ದಾನೆ ಅಂದುಕೊಂಡು ಮೆಲ್ಲಗೆ ಎದ್ದು ಬಂದೆ. ಹಂದಿಯನ್ನಾದರೂ ಒಂದೇ ಏಟಿಗೆ ಕೊಲ್ಲುತ್ತಾರೆ. ನಾನು ಇವನನ್ನು ಬಂದಾಗಲೆಲ್ಲ ಕೊಯ್ಯುತ್ತಿದ್ದೇನೆ.

ಜುಲೈ ೨೧, ಭಾನುವಾರ

ಇವತ್ತಿನ ನಷ್ಟ ಬರೆದಿಡಬೇಕು. ರೆಸಾರ್ಟಿಗೆ ಹಂದಿ ಕೊಡುವುದಕ್ಕಿಂತ ಬೇಕನ್ನನ್ನೇ ಮಾಡಿಕೊಟ್ಟರೆ ಲಾಭ ಅಂತ ನನ್ನ ತಲೆಗೆ ಹೊಳೆದಿತ್ತು. ಹೊಗೆಗೆ ನಮ್ಮ ಹುಣಸೂರಿನಲ್ಲಿ ಬರವೇ? ಭಾವಮೈದುನನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಖಾಲಿ ಬಿದ್ದಿತ್ತು. ಹಂದಿ ಬಾಡಿಗೆ ಉಪ್ಪು ಸವರಿ, ಸೊಪ್ಪು ನೇತುಹಾಕುವ ಕಡ್ಡಿಗೇ ಕಟ್ಟಿ, ಒಲೆ ಉರಿಸಿದೆ. ಬ್ಯಾರನ್ನಿನೊಳಗೆ ಬರುವುದು ಕಾವು ಮಾತ್ರ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ ಅನ್ನುವುದು ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ. ಆಸೆಗೆ ಅದು ನೆನಪಿರಲಿಲ್ಲ. ಗೋಡೆಗೆ ಅಂಟಿದ್ದ ಹಳೆಯ ಸೊಪ್ಪಿನ ವಾಸನೆಯೆಲ್ಲ ಬಾಡಿಗೆ ಹಿಡಿಯಿತು. ಮಹದೇವಪ್ರಸಾದ್ ಮೂಸಿ ನೋಡಿ, "ಇದು ಬೇಕನ್ ಅಲ್ಲ, ಬೀಡಿ," ಅಂದ.

ಇದನ್ನು ಹೇಳಿದರೆ ಆಸೆ ಹುಟ್ಟುವುದಿಲ್ಲ, ನಗು ಮಾತ್ರ ಅಂತ ಧೈರ್ಯವಾಗಿ ಅಂಕಯ್ಯನಿಗೆ ಹೇಳಿದೆ. ನಕ್ಕ. ನಕ್ಕು ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ, ಮುಖ ಕಪ್ಪಿಟ್ಟಿತು. ಕೆಂಪಾಜಮ್ಮ ಬೆನ್ನು ತಟ್ಟುತ್ತಾ ಕೂತಳು. ನಾನು ತಟ್ಟಲೂ ಬಾರದೆ, ಹೋಗಲೂ ಬಾರದೆ ನಿಂತಿದ್ದೆ.

ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ನುಂಗಿಸಿ ನೋಡುತ್ತಾರಂತೆ. ಪೈಪು ತೆಗೆಯುವುದೋ ಬಿಡುವುದೋ ಆಗ ತೀರ್ಮಾನ.

ಆಗಸ್ಟ್ ೫, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಮಾದಪ್ಪನ ದಿನ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ, ನಡುಮನೆಯ ಕಂಬಕ್ಕೆ ಮುಡಿಪು ಕಟ್ಟಿದೆ. ಅಂಕಯ್ಯನ ಪೈಪು ತೆಗೆಯುವವರೆಗೂ ಹಂದಿ ಬಾಡು ಮುಟ್ಟುವುದಿಲ್ಲ. ಅದರ ಮಾತನ್ನೂ ಆಡುವುದಿಲ್ಲ.

ಹೆಂಡತಿ ಮಂಗಳಾ ನಂಬಲಿಲ್ಲ. "ನೀವಾ? ಕಾಪಿ ಬುಡ್ತೀನಿ ಅಂದು ಮಧ್ಯಾಹ್ನಕ್ಕೆ ಕುಡಿದೋರು."

"ದೇವ್ರ ಹತ್ರ ವ್ಯಾಪಾರ ಕಣೇ. ಮಾತು ತಪ್ಪಲ್ಲ."

"ಅಂಗಾದ್ರೆ ಯಾರ್ಗೋಸ್ಕರ ಹೊತ್ತಿದ್ದೀರೋ ಅವರ್ಗೆ ಯೋಳ್ಬ್ಯಾಡಿ. ಯೋಳುದ್ರೆ ಹರಕೆ ಫಲ ಕೊಡಲ್ಲ," ಅಂದಳು.

ಹುಲಿಗೆ ಹುಲ್ಲು ಹಾಕಿದ ಹಾಗೆ ನನ್ನ ಗತಿ. ಆದರೂ ಮನಸ್ಸು ಹಗುರವಾಗಿದೆ. ಲೆಕ್ಕ ಸರಿಯಾಗಿದೆ ಅನ್ನಿಸುತ್ತದೆ. ನನಗೆ ಪ್ರೀತಿಯಾದದ್ದನ್ನು ಆ ಕಡೆ ಇಟ್ಟೆ, ಅವನ ಗಂಟಲು ಈ ಕಡೆ ಬರಬೇಕು. ಅವನನ್ನು ಇನ್ನು ನೋಯಿಸುವುದೂ ತಪ್ಪಿತು. ಒಂದೇ ಕೈಯಲ್ಲಿ ಎರಡು ಲಾಭ.

ಆಗಸ್ಟ್ ೧೧, ಭಾನುವಾರ

ಅಂಕಯ್ಯ ಜಗಲಿಯ ತುದಿಯಲ್ಲಿ ಬಂದು ಕೂತಿದ್ದ. ಗಾಡಿ ನಿಲ್ಲಿಸುವಾಗಲೇ ಕತ್ತು ಚಾಚಿದ.

"ಎಲ್ಲಿ ತಿಂದ್ಲಾ?"

"ಏನಿಲ್ಲ. ಶ್ರಾವಣ ಅಲ್ವಾ. ಮೊಸರನ್ನ."

"ನೀನಾ?"

"ವಯಸ್ಸಾಯ್ತಲ್ಲ."

ಮಳೆಯ ವಿಷಯ ತೆಗೆದೆ, ಹೊಗೆಸೊಪ್ಪಿನ ರೇಟು ತೆಗೆದೆ. ಮಾತಿಗೆ ಬೆಂಕಿ ಹತ್ತಲಿಲ್ಲ. ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿ ಅವನು ಒಳಗೆ ಎದ್ದುಹೋದ. ನೆಮ್ಮದಿಯಾಗಿದ್ದಾನೆ, ಕಣ್ಣೀರು ಹಾಕಲಿಲ್ಲ. ಹರಕೆ ಕೆಲಸ ಮಾಡುತ್ತಿದೆ.

ಆಗಸ್ಟ್ ೨೫, ಭಾನುವಾರ

ನುಂಗಿಸಿ ನೋಡಿದರಂತೆ. ಆಗಲಿಲ್ಲ. ಪೈಪು ಹಾಗೇ ಇರಲಿ ಅಂದರಂತೆ. ಮಹದೇವಪ್ರಸಾದ್ ಫೋನ್ ಮಾಡಿದ್ದ. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಸಾರ್ ಅಂದುಬಿಟ್ಟೆ.

ಸೆಪ್ಟೆಂಬರ್ ೮, ಭಾನುವಾರ

ಶ್ರಾವಣ ಮುಗಿದು ಗಣೇಶನೂ ಬಂದು ಹೋದ. ಊರಿಗೆಲ್ಲ ಬಾಡು ಬಂತು. ನಾನು ದಾರಿಯಲ್ಲಿ ಮೂಗು ಮುಚ್ಚಿಕೊಂಡು ಗಾಡಿ ಓಡಿಸುತ್ತೇನೆ.

ಇವತ್ತು ಅಂಕಯ್ಯ ಒಳಗೆ ಮಲಗಿದ್ದ. ಇನ್ನೂ ಇಳಿದಿದ್ದಾನೆ. "ಶ್ರಾವಣ ಕಳೀತಲ್ಲ. ಎಲ್ಲಿ ತಿಂದೆ, ಯೋಳು," ಅಂದ. ಅದು ಕೇಳಿದ್ದಲ್ಲ, ಬೇಡಿದ್ದು. ಅವನು ನನ್ನ ಹತ್ತಿರ ಏನನ್ನೂ ಬೇಡಿದವನಲ್ಲ. ಹರಕೆ ಹೇಳುವ ಹಾಗಿಲ್ಲ, ತಿಂದಿಲ್ಲ ಅನ್ನಲು ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಹ್ಯಾಂಡ್‌ಪೋಸ್ಟಿನಲ್ಲಿ ಹೊಸ ಗಾಡಿ ಬಂದಿದೆ, ಪೆಪ್ಪರ್ ಫ್ರೈ, ಬಲು ಚೆನ್ನಾಗಿದೆ.

"ಉಪ್ಪು?"

"ಉಪ್ಪು... ಸರಿಯಾಗಿತ್ತು."

"ಕೊಬ್ಬು?"

"ಅದೂ ಚೆನ್ನಾಗಿತ್ತು."

"ನೀನ್ ತಿಂದಿಲ್ಲ ಕಣ್ಲಾ," ಅಂದ. "ತಿಂದಿದ್ರೆ ಇಷ್ಟ್ ಮರ್ಯಾದೆಯಾಗಿ ಮಾತಾಡ್ತಿದ್ಯಾ?"

ಗೋಡೆ ಕಡೆ ತಿರುಗಿದ. ಈ ಸಲ ಬೆನ್ನು ಅಲುಗಲಿಲ್ಲ.

ಬದುಕಿಡೀ ಇಲ್ಲದ ತೂಕವನ್ನು ಇದೆ ಅಂತ ಮಾರಿದವನು ನಾನು. ಒಂದು ತುಂಡು ಬಾಡನ್ನು ಮಾರಲಾಗಲಿಲ್ಲ.

ಸೆಪ್ಟೆಂಬರ್ ೧೬, ಸೋಮವಾರ

ಎದೆಗೆ ಕಫ ಕಟ್ಟಿ ಅಂಕಯ್ಯನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೆಂಪಾಜಮ್ಮ ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಅಣ್ಣ, ಒಂದ್ ಮಾತ್ ಕೇಳ್ತೀನಿ, ಕ್ವಾಪ ಮಾಡ್ಕಬ್ಯಾಡ. ಯಾಕಣ್ಣ ನೀನು ಬಾಡಿನ ಸುದ್ದಿ ಯೋಳದ ಬುಟ್ಬುಟ್ಟೆ?"

"ಆಸೆ ಹುಟ್ಸಿ ನೋಯಿಸ್ತಿದ್ದೀನಿ ಅನ್ನುಸ್ತು ಕಣವ್ವ. ನೀನೂ ಗುರಾಯಿಸಿ ನೋಡ್ತಿದ್ದೆ."

"ಗುರಾಯಿಸದಾ? ಬೆರಗಾಗಿ ನೋಡ್ತಿದ್ದೆ ಕಣಣ್ಣ. ಮದ್ದು ಕೊಟ್ರೂ ಬರ್ದೆ ಇದ್ದ ಉಗುಳು ನಿನ್ ಮಾತಿಗೆ ಬತ್ತಿತ್ತು. ನುಂಗ್ತಿದ್ರು. ನೀನ್ ಹೋದ್ ಮ್ಯಾಲೂ ಗ್ವಾಡೆ ಕಡೀಕೆ ತಿರುಕ್ಕಂಡು ಅದನ್ನೇ ನೆನುಸ್ಕಂಡು ನುಂಗೋರು, ಎಳೆದೂ ಎಳೆದೂ. ಮಿರ್ಲೆ ಬಾಡಿನ ಸುದ್ದಿ ಯೋಳ್ದಲ್ಲ, ಅವತ್ತು ಒಂದ್ ಚಮಚ ನೀರು ಬಾಯಿಂದ್ಲೇ ಕುಡುದ್ರು. ನಿಂಗೆ ಯೋಳ್ಬ್ಯಾಡ, ಪೈಪು ತೆಗುದ್ ಮ್ಯಾಲೆ ಗಾಡಿ ಹತ್ತಿ ಕುಂತು ತೋರಿಸ್ತೀನಿ ಅಂದ್ರು."

ಆಗಸ್ಟಿನ ಭಾನುವಾರಗಳನ್ನು ಮನಸ್ಸಿನಲ್ಲೇ ಎಣಿಸಿದೆ.

"ಆಮೇಲೆ ನೀನು ಮೊಸರನ್ನ ಅಂದೆ. ಶ್ರಾವಣ ಕಳೀಲಿ ಅಂದ್ರು. ಕಳೀತು. ಕಡೀಕೆ, 'ಚೆಲುವರಾಜ ಬಾಯ್ ಮುಚ್ಕಂಡವ್ನೆ ಅಂದ್ರೆ ಡಾಕ್ಟ್ರು ಅವನ ಕಿವೀಲಿ ಏನೋ ಯೋಳವ್ರೆ ಕಣಮ್ಮಿ, ನಂದು ಮುಗೀತು' ಅಂದ್ಬುಟ್ರು. ಅವತ್ನಿಂದ ನುಂಗದ ಬುಟ್ರು."

ಅವಳು ಹೇಳಿದ್ದು ಅಷ್ಟೇ. ಬೈಯಲೂ ಇಲ್ಲ.

ದೇವರ ಹತ್ತಿರ ವ್ಯಾಪಾರ ಮಾಡಿದೆ ಅಂದಿದ್ದೆ. ನಾನು ಮಾದಪ್ಪನಿಗೆ ಕೊಟ್ಟ ಮಾಲು ನನ್ನದಾಗಿರಲಿಲ್ಲ. ತಿನ್ನುವ ಬಾಯಿ ನನ್ನದು, ಆ ರುಚಿ ಆಗಲೇ ಅಂಕಯ್ಯನದು. ಇನ್ನೊಬ್ಬನ ಹಟ್ಟಿಯ ಹಂದಿಯನ್ನು ತೋರಿಸಿ ಮುಂಗಡ ಹಿಡಿದವನ ಕೆಲಸ ನಾನು ಮಾಡಿದ್ದು.

ಸೆಪ್ಟೆಂಬರ್ ೧೭, ಮಂಗಳವಾರ

ಬೆಳಿಗ್ಗೆ ಹೊರಟಾಗ ಮಂಗಳಾ ಬಾಗಿಲಿಗೆ ಅಡ್ಡ ನಿಂತಳು.

"ದೇವ್ರಿಗೆ ಬುಟ್ಟಿದ್ದನ್ನ ತಿನ್ನಕ್ಕೆ ಹೋಯ್ತಿದ್ದೀರಾ? ಅವರು ಆಸ್ಪತ್ರೇಲಿ ಬಿದ್ದಿರೋವಾಗ?"

"ಅದ್ಕೇ ಹೋಯ್ತಿರದು."

"ಏನಾದ್ರೂ ಆದ್ರೆ?"

ಚಪ್ಪಲಿ ಮೆಟ್ಟಿಕೊಂಡೆ. ಅವಳು ಮುಡಿಪಿನ ಕಂಬದ ಹತ್ತಿರ ಹೋಗಿ ನಿಂತುಕೊಂಡಳು, ಅದು ಬೀಳದ ಹಾಗೆ ಹಿಡಿದವಳಂತೆ. ಮೆಟ್ಟಿಲು ಇಳಿದು ಮಿರ್ಲೆಯ ದಾರಿ ಹಿಡಿದೆ.

"ಮಂಗಳವಾರ ಯಾವನ್ಲಾ ಹಂದಿ ಕೊಯ್ತಾನೆ?" ಅಂದಳು ದೊಡ್ಡತಾಯಮ್ಮ. ಸಂಗತಿ ಹೇಳಿದೆ. ಅವಳು ಹಿತ್ತಲಿಗೆ ಹೋಗಿ, ಒಲೆಯ ಮೇಲೆ ಹೊಗೆಗೆ ಕಟ್ಟಿದ್ದ ಒಂದು ಉದ್ದನೆಯ ತುಂಡನ್ನು ಬಿಚ್ಚಿದಳು. ಮಳೆಗಾಲಕ್ಕೆ ಅಂತ ಒಣಗಿಸಿಟ್ಟದ್ದು. ತೆಳ್ಳಗೆ ಸೀಳಿ ಕಾವಲಿಯ ಮೇಲೆ ಹಾಕಿದಳು.

ಮೊದಲ ಚೂರು ಬಾಯಿಗಿಟ್ಟಾಗ ರುಚಿಯೇ ಗೊತ್ತಾಗಲಿಲ್ಲ. ಹೆದರಿಕೆಯಾಯಿತು. ಕಣ್ಣು ಮುಚ್ಚಿ, ಅಂಕಯ್ಯ ಪಕ್ಕದಲ್ಲಿ ಕೂತು ಕೇಳುತ್ತಿದ್ದಾನೆ ಅಂದುಕೊಂಡು ಮತ್ತೆ ಅಗಿದೆ. ಆಗ ಬಂತು. ಮರೆಯುವ ಮೊದಲು ಬರೆಯುತ್ತಿದ್ದೇನೆ. ಮೊದಲು ಹೊಗೆ, ಹಲಸಿನ ಸೌದೆಯ ಹೊಗೆ, ಮಳೆ ಬರುವಾಗ ಊರಿನ ಹೆಂಚುಗಳ ಮೇಲಿಂದ ಏಳುವಂಥದ್ದು. ಉಪ್ಪು ತಡವಾಗಿ ಬರುತ್ತದೆ, ಬಂದರೆ ಹೋಗುವುದಿಲ್ಲ. ಚರ್ಮ ಹಲ್ಲಿಗೆ ಎದುರು ಮಾತಾಡುತ್ತದೆ. ಕೊಬ್ಬು ಕರಗುವ ಮೊದಲು ಒಂದು ಗಳಿಗೆ ನಿಲ್ಲುತ್ತದೆ. ಆ ಗಳಿಗೆಯನ್ನು ಅವನಿಗೆ ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಹುಡುಕುತ್ತಾ ಬಂದೆ.

ಸೆಪ್ಟೆಂಬರ್ ೧೮, ಬುಧವಾರ

ಹೇಳಿದೆ. ಅವನ ಕಿವಿಯ ಹತ್ತಿರ ಕೂತು, ಒಂದನ್ನೂ ಬಿಡದೆ. ಕಣ್ಣು ಮುಚ್ಚಿಯೇ ಕೇಳಿದ. ಕಾವಲಿಯ ಸದ್ದಿನಿಂದ ಹಿಡಿದು ಬೆರಳು ನೆಕ್ಕುವವರೆಗೆ ಹೇಳಿ ನಿಲ್ಲಿಸಿದಾಗ ಕಣ್ಣು ಬಿಟ್ಟ.

"ತಿಂದಿದ್ದೀಯ," ಅಂದ. ಆಮೇಲೆ, "ಎಲ್ ಹೋಗಿದ್ಲಾ ಇಷ್ಟ್ ದಿನ?"

ಹರಕೆಯ ವಿಷಯ ಹೇಳಿಬಿಟ್ಟೆ. ಮುಡಿಪು, ಮಾದಪ್ಪ, ಪೈಪು, ಎಲ್ಲ.

"ಮಾದಪ್ಪ ಬಂದು ಕೇಳಿದ್ನೇನ್ಲಾ ನಿನ್ನ?"

"ಇಲ್ಲ."

"ನಾನು ಕೇಳಿದ್ದೆ ಕಣೋ."

ಅಷ್ಟು ಹೇಳಿ ಕುತ್ತಿಗೆಯನ್ನು ಸ್ವಲ್ಪ ಎತ್ತಿ ನುಂಗಲು ನೋಡಿದ. ಗಂಟಲ ಉಬ್ಬು ಅರ್ಧಕ್ಕೆ ಹೋಗಿ ಅಲ್ಲೇ ನಡುಗಿತು. ಬಾಯಿಯ ಮೂಲೆಯಿಂದ ನೀರು ಇಳಿದು ದಿಂಬಿಗೆ ಹೋಯಿತು. ಕೆಂಪಾಜಮ್ಮ ಒರೆಸಿದಳು. ಮತ್ತೆ ಇಳಿಯಿತು, ಮತ್ತೆ ಒರೆಸಿದಳು. ಬಾಯಿಗೆ ನೀರು ಬಂದಿತ್ತು. ಅದನ್ನು ಒಳಗೆ ಕರೆದುಕೊಳ್ಳುವ ಶಕ್ತಿ ಮುಗಿದಿತ್ತು. ನರ್ಸಮ್ಮ ಬಂದು ನನ್ನನ್ನು ಹೊರಗೆ ಕಳಿಸಿದರು.

ಸೆಪ್ಟೆಂಬರ್ ೨೪, ಮಂಗಳವಾರ

ಬೆಳಿಗ್ಗೆ ಅಂಕಯ್ಯ ಹೋದ.

ಕಾಯಿಲೆ ಜುಲೈನಲ್ಲೇ ಎದೆಗೆ ಇಳಿದಿತ್ತು, ಯಾರು ಏನು ಮಾಡಿದ್ದರೂ ಇಷ್ಟೇ ಅಂದರು ಡಾಕ್ಟರು. ಮಂಗಳಾ ಕಂಬದ ಮುಡಿಪಿನ ಕಡೆ ನೋಡಿದಳು. ನಾನು ಬಾಡಿನ ಮಾತು ಬಿಟ್ಟೆನೆಂದು ಹೋದನೋ, ಹರಕೆ ಮುರಿದು ತಿಂದೆನೆಂದು ಹೋದನೋ. ಯಾವ ಕಡೆಯಿಂದ ಕೂಡಿದರೂ ಕಡೆಗೆ ನಾನೇ ಬರುತ್ತೇನೆ.

ಅಕ್ಟೋಬರ್ ೪, ಶುಕ್ರವಾರ

ಹನ್ನೊಂದರ ತಿಥಿ. ಎಡೆಗೆ ಅವನಿಗೆ ಪ್ರೀತಿಯಾದದ್ದೇ ಆಗಬೇಕು ಅಂದಳು ಕೆಂಪಾಜಮ್ಮ. ಹಂದಿ ನಾನೇ ತಂದೆ, ನಾನೇ ಬೇಯಿಸಿದೆ. ಮಿರ್ಲೆಯ ಹಾಗೆ, ಹಸಿಮೆಣಸು, ಬೆಳ್ಳುಳ್ಳಿ, ಉಪ್ಪು. ಎಡೆಗಿಡುವ ಅಡುಗೆಯ ರುಚಿ ನೋಡುವ ಹಾಗಿಲ್ಲ, ಸತ್ತವರು ಉಂಡ ಮೇಲೇ ಉಳಿದವರ ಬಾಯಿ. ಉಪ್ಪನ್ನು ಕೈಯಂದಾಜಿನಲ್ಲಿ ಹಾಕಿದೆ. ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯದು.

ಫೋಟೋದ ಮುಂದೆ ಬಾಳೆಲೆ ಹಾಕಿ, ಮುದ್ದೆ, ಬಾಡು, ಪಕ್ಕದಲ್ಲಿ ನೀರಿನ ಚೊಂಬು ಇಟ್ಟೆವು. ಧೂಪ ಹಾಕಿದರು. ಅವನು ಬಂದು ಉಣ್ಣಲಿ ಅಂತ ಎಲ್ಲರೂ ಹೊರಗೆ ಬಂದೆವು. ಕೆಂಪಾಜಮ್ಮ ಬಾಗಿಲು ಮುಂದೆ ಮಾಡಿದಳು. ಜಗಲಿಯ ಮೇಲೆ ಕೂತೆವು.

ಸ್ವಲ್ಪ ಹೊತ್ತಾದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಯೋಳಣ್ಣ."

"ಏನ್ ಯೋಳ್ಲವ್ವ?"

"ಬಾಡು ಎಂಗದೆ ಅಂತ. ಸುಮ್ಕೆ ಮಡಗ್ಬುಟ್ರೆ ಅವರು ಉಂಡಾರಾ?"

ಕೂತಿದ್ದವರೆಲ್ಲ ನನ್ನನ್ನು ನೋಡಿದರು. ಮಂಗಳಾಳೂ ನೋಡಿದಳು. ಮಾತು ನನ್ನ ಕಸುಬು. ಮೆಣಸಿನಿಂದ ಶುರುಮಾಡಿ ಕೊಬ್ಬಿನವರೆಗೆ ಕಟ್ಟಿಕೊಂಡು ಹೋಗುವಷ್ಟು ಮಾತು ನಾಲಗೆಯ ತುದಿಗೇ ಬಂತು. ಅದನ್ನು ಅಲ್ಲೇ ತಡೆದೆ.

ಎದ್ದು ಬಾಗಿಲ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ.

"ಅಂಕಯ್ಯ, ನಾನಿನ್ನೂ ಬಾಯಿಗಿಟ್ಟಿಲ್ಲ ಕಣ್ಲಾ," ಅಂದೆ. "ಉಪ್ಪು ಎಂಗದೋ ನಂಗೊತ್ತಿಲ್ಲ. ನೀನೇ ಯೋಳು."

ಬಾಗಿಲಿಗೆ ಕಿವಿ ಕೊಟ್ಟು ಕೂತೆ. ಕೆಂಪಾಜಮ್ಮ ಬಂದು ಭುಜ ಮುಟ್ಟಿ ಏಳಿಸುವವರೆಗೂ ಮತ್ತೆ ಬಾಯಿ ತೆರೆಯಲಿಲ್ಲ.